ಕಾಸ್‌ಪ್ಲೇಗೆ ಬಣ್ಣದ ಲೆನ್ಸ್: ಆರಿಸುವುದು, ಹಾಕುವುದು, ಹೊತ್ತಿಗೆ ಸರಿಯಾಗಿ ತೆಗೆಯುವುದು

ಕಾಸ್‌ಪ್ಲೇ ಎಂದರೆ ಕತೆ, ಸಿನಿಮಾ, ಆಟಗಳ ಪಾತ್ರದಂತೆ ವೇಷ ಹಾಕುವುದು. ಆ ವೇಷದಲ್ಲಿ ವಿಗ್ ಬಿಗಿಯಾದರೆ ತಲೆ ನೋಯುತ್ತದೆ, ಬೂಟು ಬಿಗಿಯಾದರೆ ಕಾಲಲ್ಲಿ ಬೊಬ್ಬೆ ಏಳುತ್ತದೆ. ಎರಡೂ ನಾಲ್ಕು ದಿನದಲ್ಲಿ ವಾಸಿ. ಲೆನ್ಸ್ ಮಾತ್ರ ಹಾಗಲ್ಲ. ಕಣ್ಣಿನ ಮುಂಭಾಗದ ಗಾಜಿನಂಥ ಪದರ ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳು ಪೊರೆಯ ಮೂಲಕ ಬರುತ್ತದೆ. ಅದರ ಮೇಲೆ ಬಣ್ಣ ಬಳಿದ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿದರೆ ಆ ಗಾಳಿ ಕಡಿಮೆಯಾಗುತ್ತದೆ. ಉಸಿರು ಕಟ್ಟಿದ ಕಾರ್ನಿಯಾ ಊದಿಕೊಳ್ಳುತ್ತದೆ, ಮೇಲ್ಪದರ ಸಡಿಲವಾಗುತ್ತದೆ, ಸಣ್ಣ ಗೀರಿನಲ್ಲೂ ಸೋಂಕು ಒಳಗೆ ಇಳಿಯುತ್ತದೆ. ಸೋಂಕಿನಿಂದಾದ ಹುಣ್ಣು ಮಾಗಿದ ಮೇಲೂ ಬಿಳಿ ಕಲೆ ಉಳಿಯಬಹುದು. ಅದು ಪಾಪೆಯ ಎದುರಿಗೇ ಬಿದ್ದರೆ ದೃಷ್ಟಿಯೇ ಹೋಗುತ್ತದೆ.

ಹಾಗೆಂದು ಲೆನ್ಸ್ ಹಾಕಲೇಬಾರದು ಎಂದಲ್ಲ. ಪಾತ್ರದ ಕಣ್ಣು ನೋಡಿ ಲೆನ್ಸ್ ಹುಡುಕುವ ಬದಲು ನಿಮ್ಮ ಕಣ್ಣು ಅಳೆಸಿ ಲೆನ್ಸ್ ಹುಡುಕಿ. ಹಾಕಿದ ಮೇಲೆ, ಕ್ಯಾಮೆರಾಕ್ಕೆ ಬೇಕಾದಷ್ಟು ಗಂಟೆ ಮಾತ್ರ ಹಾಕಿ. ಉಳಿದ ವಿವರವೆಲ್ಲ ಈ ಎರಡು ಮಾತಿಗೆ ಹೊಂದಿಕೊಂಡೇ ಇದೆ.

ಮೊದಲು ಅಳತೆ

ಕಾರ್ಯಕ್ರಮಕ್ಕೆ ಕನಿಷ್ಠ ಒಂದು ತಿಂಗಳು ಇರುವಾಗಲೇ ಕಣ್ಣಿನ ಡಾಕ್ಟರ್ ಅಥವಾ ಆಪ್ಟೊಮೆಟ್ರಿಸ್ಟ್ (ಕಣ್ಣಿನ ಪವರ್ ಅಳೆಯುವ ತಜ್ಞ) ಬಳಿ ಹೋಗಿ. "ಕನ್ನಡಕದ ಚೀಟಿ ಇದೆ" ಎಂದರೆ ಸಾಲದು. ಕಾಂಟ್ಯಾಕ್ಟ್ ಲೆನ್ಸ್‌ಗೆ ಬೇಕಾಗುವ ಅಳತೆಗಳೇ ಬೇರೆ.

ಒಂದು, ಬೇಸ್ ಕರ್ವ್, ಅಂದರೆ ಲೆನ್ಸ್‌ನ ಒಳಬದಿಯ ಬಾಗು. ಪೆಟ್ಟಿಗೆಯ ಮೇಲೆ ಬಿ.ಸಿ. ಎಂದು ಇರುತ್ತದೆ. ಸಾಮಾನ್ಯವಾಗಿ 8.4ರಿಂದ 8.8 ಮಿ.ಮೀ. ಒಳಗೆ ಸಿಗುತ್ತದೆ; ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವುದು 8.6. ಅದು ಬಹಳ ಮಂದಿಗೆ ಹೊಂದುತ್ತದೆ, ಎಲ್ಲರಿಗೂ ಅಲ್ಲ. ಇಲ್ಲಿ ಎಚ್ಚರ ಬೇಕಾದ ಒಂದು ಸಂಗತಿ ಇದೆ: ಬಿಗಿಯಾದ ಲೆನ್ಸ್ ಮೊದಲ ಒಂದು ಗಂಟೆ ಸಡಿಲ ಲೆನ್ಸ್‌ಗಿಂತ ಹಿತವಾಗಿರುತ್ತದೆ, ಏಕೆಂದರೆ ಅದು ಅಲುಗುವುದೇ ಇಲ್ಲ. ಅಲುಗದಿದ್ದರೆ ಅದರಡಿ ಕಣ್ಣೀರು ಹೊರಳುವುದಿಲ್ಲ, ಕಸ ಹೊರಗೆ ಹೋಗುವುದಿಲ್ಲ. ಸಂಜೆ ತೆಗೆದಾಗ ಬಿಳಿಗುಡ್ಡೆಯ ಮೇಲೆ ಲೆನ್ಸ್ ಅಂಚಿನ ಗುರುತು ಉಂಗುರದಂತೆ ಮೂಡಿರುತ್ತದೆ. ಮನೆಯಲ್ಲೇ ಗುರುತಿಸುವ ದಾರಿಯೂ ಇದೆ. ರೆಪ್ಪೆ ಬಡಿದ ಕೂಡಲೇ ಒಂದು ಕ್ಷಣ ನೋಟ ತಿಳಿಯಾಗಿ ಮತ್ತೆ ಮಂಜಾದರೆ ಲೆನ್ಸ್ ಬಿಗಿ. ಬಡಿದ ಕೂಡಲೇ ಮಂಜಾಗಿ ಆಮೇಲೆ ತಿಳಿಯಾದರೆ ಸಡಿಲ. ಎರಡೂ ಸರಿಯಲ್ಲ. ಡಾಕ್ಟರ್ ಕಣ್ಣನ್ನು ಹಿಗ್ಗಿಸಿ ತೋರುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡುವುದು ಇದನ್ನೇ: ರೆಪ್ಪೆ ಬಡಿದಾಗ ಲೆನ್ಸ್ ಅರ್ಧ ಮಿಲಿಮೀಟರಿನ ಆಸುಪಾಸು ಸರಿದು ತನ್ನ ಜಾಗಕ್ಕೆ ಮರಳಬೇಕು.

ಎರಡು, ಪವರ್. ಕನ್ನಡಕದ ಪವರ್ 4.00 ದಾಟಿದರೆ ಅದೇ ಸಂಖ್ಯೆ ಲೆನ್ಸ್‌ಗೆ ನಡೆಯುವುದಿಲ್ಲ, ಏಕೆಂದರೆ ಕನ್ನಡಕ ಕಣ್ಣಿನಿಂದ 12 ಮಿ.ಮೀ. ಆಸುಪಾಸು ದೂರ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಕನ್ನಡಕ ಮೈನಸ್ 5.00 ಇದ್ದರೆ ಲೆನ್ಸ್ ಮೈನಸ್ 4.75, ಕನ್ನಡಕ ಮೈನಸ್ 6.00 ಇದ್ದರೆ ಲೆನ್ಸ್ ಮೈನಸ್ 5.50ರ ಹತ್ತಿರ ಬರುತ್ತದೆ. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮ ಇಲ್ಲದವರಿಗೆ ಬೇಕಾಗುವುದು) ಇರುವ ವೇಷದ ಲೆನ್ಸ್ ಸಿಗುವುದು ಅಪರೂಪ. ನಿಮ್ಮ ಸಿಲಿಂಡರ್ 0.75ರ ಒಳಗಿದ್ದರೆ ಹೇಗೋ ನಿಭಾಯಿಸಬಹುದು. ಅದಕ್ಕಿಂತ ಹೆಚ್ಚಾದರೆ ನೋಟ ಕಲಸಿಕೊಂಡೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಲೆನೋವು.

ಪವರ್ ಇಲ್ಲದವರು "ನನಗೆ ಕಣ್ಣು ಚೆನ್ನಾಗಿದೆ, ಪರೀಕ್ಷೆ ಯಾಕೆ" ಎನ್ನುತ್ತಾರೆ. ಪವರ್ ಸೊನ್ನೆ ಇದ್ದವರಿಗೂ ಬಾಗು ಇದ್ದೇ ಇರುತ್ತದೆ. ಜೊತೆಗೆ ಕಣ್ಣೀರು ಸಾಕಷ್ಟಿದೆಯೇ ಎಂಬುದೂ ತಿಳಿಯಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ್‌ಗೆ ತಪ್ಪದೆ ಹೇಳಿ. ಅದು ಕಣ್ಣನ್ನು ಒಣಗಿಸುತ್ತದೆ, ಲೆನ್ಸ್ ತಡೆದುಕೊಳ್ಳಲಾಗದಷ್ಟು. ಮದ್ರಾಸ್ ಐ ಬಂದು ಹೋದವರು, ಲೇಸಿಕ್ ಮಾಡಿಸಿಕೊಂಡವರು, ರೆಪ್ಪೆಯ ಬುಡದಲ್ಲಿ ಹೊಟ್ಟು ಕಟ್ಟುವವರು ಕೂಡ ಕೇಳಿಯೇ ಮುಂದುವರಿಯಬೇಕು.

ಪೆಟ್ಟಿಗೆ ಓದುವುದು

ಭಾರತದಲ್ಲಿ ಕಾಂಟ್ಯಾಕ್ಟ್ ಲೆನ್ಸ್, ಅದು ಬರೀ ಬಣ್ಣಕ್ಕಾದರೂ, ವೈದ್ಯಕೀಯ ಸಾಧನ. 2017ರ ವೈದ್ಯಕೀಯ ಸಾಧನ ನಿಯಮಗಳಂತೆ ಹೊರದೇಶದಿಂದ ಬಂದ ಲೆನ್ಸ್‌ನ ಪೆಟ್ಟಿಗೆಯ ಮೇಲೆ ಆಮದು ಪರವಾನಗಿ ಸಂಖ್ಯೆ, ಆಮದು ಮಾಡಿದವರ ಹೆಸರು, ವಿಳಾಸ ಇರಬೇಕು. ಇಲ್ಲಿಯೇ ತಯಾರಾದದ್ದಾದರೆ ತಯಾರಿಕಾ ಪರವಾನಗಿ ಸಂಖ್ಯೆ. ಬ್ಯಾಚ್ ಸಂಖ್ಯೆ, ಮುಗಿಯುವ ದಿನಾಂಕ, ಬಿ.ಸಿ., ವ್ಯಾಸ, ಪವರ್ ಎಲ್ಲವೂ ಅಚ್ಚಾಗಿರಬೇಕು. ಅಮೆರಿಕ 2005ರಲ್ಲಿ, ಜಪಾನ್ 2009ರಲ್ಲಿ ಬಣ್ಣದ ಲೆನ್ಸ್‌ಗಳನ್ನೂ ಪವರ್ ಲೆನ್ಸ್‌ನಂತೆಯೇ ಕಾನೂನಿನಡಿ ತಂದವು. ವೇಷದ ಸಾಮಾನು, ಫ್ಯಾನ್ಸಿ ಐಟಂ ಎಂದು ಬರೆದು ಮಾರುವ ಲೆನ್ಸ್, ಪೆಟ್ಟಿಗೆಯೇ ಇಲ್ಲದೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಲೆನ್ಸ್, "ಎಲ್ಲ ಕಣ್ಣಿಗೂ ಒಂದೇ ಸೈಜ್" ಎನ್ನುವ ಲೆನ್ಸ್ ಮುಟ್ಟಬೇಡಿ.

ವ್ಯಾಸದ ವಿಚಾರದಲ್ಲಿ ಬಹಳ ಮಂದಿ ಎಡವುತ್ತಾರೆ. ಕಣ್ಣು ದೊಡ್ಡದಾಗಿ ಕಾಣಲಿ ಎಂದು 15 ಮಿ.ಮೀ. ಲೆನ್ಸ್ ಹುಡುಕುತ್ತಾರೆ. ಆದರೆ ದೊಡ್ಡದಾಗಿ ಕಾಣಿಸುವುದು ಲೆನ್ಸ್‌ನ ವ್ಯಾಸವಲ್ಲ, ಅದರ ಮೇಲಿನ ಬಣ್ಣದ ವೃತ್ತದ ವ್ಯಾಸ. ನಮ್ಮ ಕಣ್ಣಿನ ಕಪ್ಪು ಭಾಗ ಅಡ್ಡಕ್ಕೆ ಸುಮಾರು 11.5ರಿಂದ 12 ಮಿ.ಮೀ. ಇರುತ್ತದೆ. ವ್ಯಾಸ 14.2 ಇದ್ದು ಬಣ್ಣದ ವೃತ್ತ 13.4 ಇರುವ ಲೆನ್ಸ್, ವ್ಯಾಸ 14.5 ಇದ್ದು ಬಣ್ಣ 13 ಇರುವುದಕ್ಕಿಂತ ದೊಡ್ಡ ಕಣ್ಣು ಕೊಡುತ್ತದೆ, ಮತ್ತು ಕಣ್ಣಿಗೆ ಹೊರೆಯೂ ಕಡಿಮೆ. ಬಣ್ಣದ ವೃತ್ತದ ಅಳತೆ ಕೊಡದ ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿ.

ವೇಷದ ಲೆನ್ಸ್‌ಗಳಲ್ಲಿ ಬಹುಪಾಲು ನೀರು ಹೀರುವ ಮೆತ್ತನೆ ಪ್ಲಾಸ್ಟಿಕ್ ಆದ ಹಳೆಯ ಹೈಡ್ರೋಜೆಲ್‌ನವು. ನೀರಿನಂಶ 38 ಪ್ರತಿಶತ ಎಂದಿರುತ್ತದೆ, ಗಾಳಿ ಬಿಡುವುದು ಕಡಿಮೆ. ನಿಮ್ಮ ಪಾತ್ರಕ್ಕೆ ಬರೀ ನೀಲಿ, ಹಸಿರು, ಬೂದು ಸಾಕಾದರೆ ಹೆಚ್ಚು ಗಾಳಿ ಬಿಡುವ ಸಿಲಿಕೋನ್ ಹೈಡ್ರೋಜೆಲ್‌ನ ಬಣ್ಣದ ಲೆನ್ಸ್ ನೋಡಿ. ಏರ್ ಆಪ್ಟಿಕ್ಸ್ ಕಲರ್ಸ್ ಅಂಥದ್ದು: ಬಿ.ಸಿ. 8.6, ವ್ಯಾಸ 14.2, ತಿಂಗಳ ಲೆನ್ಸ್. ವರ್ಷದ ಲೆನ್ಸ್ ಅಗ್ಗ ಎನಿಸುತ್ತದೆ, ಆದರೆ ವರ್ಷಕ್ಕೆ ಎರಡು ಸಲ ವೇಷ ಹಾಕುವವರಿಗೆ ಅದು ಹನ್ನೊಂದು ತಿಂಗಳು ಡಬ್ಬಿಯಲ್ಲಿ ಕೊಳೆಯುವ ವಸ್ತು. ವರ್ಷ ಎಂಬುದು ಮುಚ್ಚಳ ತೆಗೆದ ದಿನದಿಂದ ಲೆಕ್ಕ, ಹಾಕಿದ ದಿನಗಳ ಲೆಕ್ಕವಲ್ಲ. ದಿನಕ್ಕೊಂದು ಎಸೆಯುವ ಲೆನ್ಸ್‌ನಲ್ಲಿ ನಿಮ್ಮ ಬಣ್ಣ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಬಣ್ಣ ಎಲ್ಲಿದೆ ಎಂಬುದೂ ಮುಖ್ಯ. ಒಳ್ಳೆಯ ಲೆನ್ಸ್‌ನಲ್ಲಿ ಬಣ್ಣ ಎರಡು ಪದರಗಳ ನಡುವೆ ಇರುತ್ತದೆ. ಅಗ್ಗದ್ದರಲ್ಲಿ ಮೇಲ್ಮೈ ಮೇಲೆಯೇ. ಅಲ್ಲಿ ಮೇಲ್ಮೈ ಒರಟು, ಬ್ಯಾಕ್ಟೀರಿಯಾಕ್ಕೆ ಹಿಡಿತ ಸುಲಭ. ಹೊಸ ಲೆನ್ಸನ್ನು ಲೆನ್ಸ್ ತೊಳೆಯುವ ದ್ರವವಾದ ಸೊಲ್ಯೂಷನ್‌ನಲ್ಲಿ ನೆನೆಸಿ, ಒದ್ದೆ ಹತ್ತಿಕಡ್ಡಿಯಿಂದ ಎರಡೂ ಬದಿ ಇಪ್ಪತ್ತು ಸಲ ಮೆಲ್ಲಗೆ ಉಜ್ಜಿ ನೋಡಿ. ಕಡ್ಡಿಗೆ ಬಣ್ಣ ಹತ್ತಿದರೆ ಆ ಜೋಡಿ ಕಸದ ಬುಟ್ಟಿಗೆ. ಹತ್ತದಿದ್ದರೆ ಒಂದು ಅನುಮಾನ ಮಾತ್ರ ಕಳೆಯಿತು ಎಂದುಕೊಂಡು, ಹತ್ತಿಯ ಎಳೆ ಉಳಿಯದಂತೆ ಚೆನ್ನಾಗಿ ತೊಳೆಯಿರಿ.

ಕಂದು ಕಣ್ಣಿನ ಮೇಲೆ ಯಾವ ಬಣ್ಣ

ಪೆಟ್ಟಿಗೆಯ ಮೇಲಿನ ಫೋಟೊ ಬಹಳ ಸಲ ತಿಳಿ ಕಣ್ಣಿನವರದು. ನಮ್ಮ ಕಡುಕಂದು ಕಣ್ಣಿನ ಮೇಲೆ ಪಾರದರ್ಶಕ ಛಾಯೆಯ ಲೆನ್ಸ್ ಹಾಕಿದರೆ ಏನೂ ಬದಲಾಗುವುದಿಲ್ಲ. ದಟ್ಟ, ಅಪಾರದರ್ಶಕ ಎಂದು ಬರೆದದ್ದೇ ಬೇಕು. ಅದರಲ್ಲೂ ಚುಕ್ಕಿಗಳ ನಡುವೆ ಕಂದು ಇಣುಕುವುದರಿಂದ ಹಳದಿ ಸ್ವಲ್ಪ ಆಲಿವ್ ಕಡೆಗೆ, ತಿಳಿನೀಲಿ ಸ್ವಲ್ಪ ಬೂದಿಯ ಕಡೆಗೆ ವಾಲುತ್ತದೆ. ಪಾತ್ರದ ಬಣ್ಣಕ್ಕಿಂತ ಒಂದು ಮೆಟ್ಟಿಲು ಗಾಢವಾದದ್ದನ್ನು ಆರಿಸಿದರೆ ಕ್ಯಾಮೆರಾದಲ್ಲಿ ಸರಿಯಾಗಿ ಬರುತ್ತದೆ.

ಬೆಕ್ಕಿನ ಕಣ್ಣು, ಹಾವಿನ ಕಣ್ಣು ಎಂದು ಪಾಪೆಯ ಜಾಗದಲ್ಲಿ ಉದ್ದನೆ ಸೀಳು ಇರುವ ಲೆನ್ಸ್ ಇಷ್ಟಪಡುವವರು ಇದನ್ನು ಗಮನಿಸಿ: ಸಾಮಾನ್ಯ ಲೆನ್ಸ್ ಕಣ್ಣಿನ ಮೇಲೆ ತಿರುಗುತ್ತಲೇ ಇರುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಒಂದಿಷ್ಟು. ಬೆಳಗ್ಗೆ ನೆಟ್ಟಗೆ ನಿಂತಿದ್ದ ಸೀಳು ಹನ್ನೊಂದು ಗಂಟೆಗೆ ಓರೆಯಾಗಿ, ಹನ್ನೆರಡಕ್ಕೆ ಮೇಕೆಯ ಕಣ್ಣಿನಂತೆ ಅಡ್ಡ ಮಲಗಿರುತ್ತದೆ. ಎಡಗಣ್ಣು ಒಂದು ಕಡೆ, ಬಲಗಣ್ಣು ಇನ್ನೊಂದು ಕಡೆ. ಕೆಳಭಾಗಕ್ಕೆ ತೂಕ ಕೊಟ್ಟು ತಿರುಗದಂತೆ ಮಾಡಿದ ಲೆನ್ಸ್ ಸಿಗುತ್ತದೆಯೇ ಎಂದು ಕೇಳಿ. ಸಿಗದಿದ್ದರೆ ಎಲ್ಲ ದಿಕ್ಕಿನಿಂದಲೂ ಒಂದೇ ಥರ ಕಾಣುವ ವಿನ್ಯಾಸ ಆರಿಸಿ: ಉಂಗುರ, ಕಿರಣ, ಮೂರು ಕಡೆ ಸಮನಾಗಿ ಹಂಚಿದ ಗುರುತು.

ಇನ್ನೊಂದು, ನಡುವಿನ ತೂತು. ಬಣ್ಣವಿಲ್ಲದ ಆ ಕಿಂಡಿ ಸುಮಾರು 5ರಿಂದ 6 ಮಿ.ಮೀ. ಇರುತ್ತದೆ. ಬಿಸಿಲಲ್ಲಿ ಪಾಪೆ ಕಿರಿದಾಗಿರುವುದರಿಂದ ತೊಂದರೆ ಕಾಣದು. ಮಬ್ಬು ಬೆಳಕಿನ ಸಭಾಂಗಣದಲ್ಲಿ ಪಾಪೆ ಅದಕ್ಕಿಂತ ಅಗಲವಾಗುತ್ತದೆ. ಆಗ ಬಣ್ಣದ ಅಂಚು ನೋಟದೊಳಗೆ ಬಂದು ಸುತ್ತಲೂ ಹೊಗೆ ಕವಿದಂತೆ ಆಗುತ್ತದೆ. ಬಲೆಯಂಥ ಬಿಳಿ ಲೆನ್ಸ್‌ಗಳಲ್ಲಿ ನಡುವಿನ ಕಿಂಡಿಯೇ ಇರದು, ಪೂರ್ತಿ ಮಂಜು. ಇವುಗಳನ್ನು ಹಾಕಿ ಮೆಟ್ಟಿಲು ಇಳಿಯುವುದಾದರೆ ಕೈ ಹಿಡಿಯಲು ಒಬ್ಬರು ಬೇಕು. ಗಾಡಿ ಓಡಿಸುವುದಂತೂ ಬೇಡವೇ ಬೇಡ, ಯಾವ ಬಣ್ಣದ ಲೆನ್ಸ್ ಹಾಕಿದ್ದರೂ. ಬೆಂಗಳೂರಿನ ಕಾಮಿಕ್ಸ್, ಕಾಸ್‌ಪ್ಲೇ ಮೇಳ ಕಾಮಿಕ್ ಕಾನ್ ಹಲವು ಸಲ ನಡೆದಿರುವ ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದ ಕಡೆಗೆ ಈಗ ನೇರಳೆ ಮಾರ್ಗದ ಮೆಟ್ರೊ ಇದೆ. ಬೈಕಿನಲ್ಲಿ ಹೋಗುವ ದಾರಿಯ ಧೂಳೂ ತಪ್ಪುತ್ತದೆ.

ಬಿಳಿಗುಡ್ಡೆಯನ್ನೂ ಮುಚ್ಚುವ ಸ್ಕ್ಲೀರಾ ಲೆನ್ಸ್‌ಗಳು 17 ಮಿ.ಮೀ. ಮತ್ತು 22 ಮಿ.ಮೀ.ನಲ್ಲಿ ಬರುತ್ತವೆ. 22ರದ್ದನ್ನು ತಜ್ಞರು ಕೂರಿಸಿ ನೋಡದೆ ಕೊಳ್ಳಬೇಡಿ. ಮೊದಲ ಸಲ ಲೆನ್ಸ್ ಹಾಕುವವರಿಗೆ ಅದು ಅಲ್ಲವೇ ಅಲ್ಲ. 22ರದ್ದು ಎರಡು ಮೂರು ಗಂಟೆ, 17ರದ್ದು ನಾಲ್ಕು ಗಂಟೆ, ಅಷ್ಟಕ್ಕೆ ನಿಲ್ಲಿಸಿ. ಇಡೀ ಕಪ್ಪು ಕಣ್ಣು ಫೋಟೊಗೆ ಮಾತ್ರ ಬೇಕಿದ್ದರೆ ಫೋಟೊದಲ್ಲೇ ತಿದ್ದಿಕೊಳ್ಳುವುದು ಎಷ್ಟೋ ಮೇಲು.

ಹಾಕುವ ಕ್ರಮ

ಗಾಜಿನ ಶೀಶೆಯಲ್ಲಿ ಬಂದ ಲೆನ್ಸನ್ನು ನೇರವಾಗಿ ಕಣ್ಣಿಗೆ ಹಾಕಬೇಡಿ. ಅಲ್ಯೂಮಿನಿಯಂ ಸೀಲ್ ಬಿಚ್ಚುವಾಗ ಅಂಚು ಚೂಪಾಗಿರುತ್ತದೆ, ಜೋಪಾನ. ಡಬ್ಬಿಯ ಪ್ರತಿ ಗುಂಡಿಗೆ ಲೆನ್ಸ್ ಪೂರ್ತಿ ಮುಳುಗುವಷ್ಟು ಹೊಸ ಮಲ್ಟಿಪರ್ಪಸ್ ಸೊಲ್ಯೂಷನ್ ಹಾಕಿ ಒಂದು ರಾತ್ರಿ ನೆನೆಸಿ. ಸಲೈನ್ ಮತ್ತು ಮಲ್ಟಿಪರ್ಪಸ್ ಒಂದೇ ಅಲ್ಲ: ಸಲೈನ್ ತೊಳೆಯುತ್ತದೆ, ರೋಗಾಣು ಕೊಲ್ಲುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಸೊಲ್ಯೂಷನ್ ಚಿತ್ರಿತ ಲೆನ್ಸ್‌ನ ಬಣ್ಣ ಕೆಡಿಸಬಹುದು, ತಯಾರಕರು ಒಪ್ಪಿದ್ದರೆ ಮಾತ್ರ ಬಳಸಿ.

1. ಉಗುರು ಕತ್ತರಿಸಿಕೊಳ್ಳಿ. ಅಂಟಿಸುವ ಉಗುರು ವೇಷದ ಭಾಗವಾಗಿದ್ದರೆ ಅದು ಲೆನ್ಸ್ ಆದ ಮೇಲೆ. ತೆಗೆಯುವಾಗ ಉಗುರು ಮೊದಲು.

2. ಎಣ್ಣೆ, ಲೋಷನ್ ಅಂಶವಿಲ್ಲದ ಸಾದಾ ಸೋಪಿನಿಂದ 20 ಸೆಕೆಂಡು ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಬೆರಳಲ್ಲಿ ನೀರಿದ್ದರೆ ಲೆನ್ಸ್ ಬೆರಳಿಗೇ ಅಂಟುತ್ತದೆ. ಅದಕ್ಕಿಂತ ದೊಡ್ಡ ಅಪಾಯ ನಲ್ಲಿ ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ. ಕಾರ್ನಿಯಾಕ್ಕೆ ಅದು ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ. ಫಿಲ್ಟರ್ ನೀರು, ಬಾಟಲಿ ನೀರು, ಎಂಜಲು ಯಾವುದೂ ಲೆನ್ಸ್ ಮುಟ್ಟಬಾರದು.

3. ಸಿಂಕಿನ ತೂತು ಮುಚ್ಚಿ, ಪ್ರತಿ ಸಲವೂ ಬಲಗಣ್ಣಿನದನ್ನೇ ಮೊದಲು ಎತ್ತಿಕೊಳ್ಳಿ. ಜೋಡಿ ಅದಲುಬದಲಾಗುವುದಿಲ್ಲ.

4. ತೋರುಬೆರಳ ತುದಿಯಲ್ಲಿಟ್ಟು ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ. ಬಟ್ಟಲಿನಂತೆ ಅಂಚು ನೆಟ್ಟಗೆ ಮೇಲೆದ್ದಿದ್ದರೆ ಸರಿ. ತಟ್ಟೆಯ ಅಂಚಿನಂತೆ ಹೊರಕ್ಕೆ ಚಾಚಿದ್ದರೆ ತಿರುವುಮುರುವಾಗಿದೆ. ಅನುಮಾನ ಉಳಿದರೆ ಎರಡು ಬೆರಳಿನಿಂದ ಮೆಲ್ಲಗೆ ಮಡಚಿ: ಕರ್ಜಿಕಾಯಿಯ ಹಾಗೆ ಅಂಚುಗಳು ಒಳಮುಖವಾಗಿ ಕೂಡಿದರೆ ಸರಿ. ಹರುಕು, ಕೂದಲು, ಚುಕ್ಕೆ ಇದೆಯೇ ನೋಡುವುದೂ ಈಗಲೇ.

5. ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆ, ಇನ್ನೊಂದು ಕೈಯಿಂದ ಮೇಲ್ರೆಪ್ಪೆಯನ್ನು ಕೂದಲಿನ ಬುಡದಲ್ಲೇ ಹಿಡಿದು ಎಳೆಯಿರಿ. ಬರೀ ಚರ್ಮ ಹಿಡಿದರೆ ರೆಪ್ಪೆ ಬಡಿದೇ ಬಡಿಯುತ್ತದೆ. ಕನ್ನಡಿಯಲ್ಲಿ ನೇರ ನೋಡುತ್ತ ಲೆನ್ಸ್ ತಾಗಿಸಿ, ಒತ್ತಬೇಡಿ. ಬೆರಳು ತೆಗೆದು ಮೆಲ್ಲಗೆ ಕೆಳಗೆ ನೋಡಿ, ಕೆಳರೆಪ್ಪೆ ಬಿಟ್ಟು, ಆಮೇಲೆ ಮೇಲ್ರೆಪ್ಪೆ ಬಿಡಿ. 17 ಮಿ.ಮೀ. ಲೆನ್ಸ್ ಆದರೆ ಕೆಳಗೆ ನೋಡುತ್ತ ಮೊದಲು ಮೇಲ್ರೆಪ್ಪೆಯಡಿ ತೂರಿಸಿ, ಆಮೇಲೆ ಕೆಳರೆಪ್ಪೆಯನ್ನು ಅಂಚಿನ ಮೇಲೆ ತನ್ನಿ.

ಒಂದು ನಿಮಿಷ ನೀರು ಬರುವುದು ಸಹಜ. ಅದಾದ ಮೇಲೂ ಚುಚ್ಚುತ್ತಿದ್ದರೆ ತೆಗೆದು ತೊಳೆದು ಮತ್ತೆ ಹಾಕಿ. ಎರಡನೇ ಸಲವೂ ಚುಚ್ಚಿದರೆ ಆ ದಿನ ಆ ಲೆನ್ಸ್ ಬೇಡ.

ಮನೆಯಲ್ಲಿ ಅಭ್ಯಾಸ ಮಾಡಿಯೇ ಹೋಗಿ. ಮೊದಲ ದಿನ ಎರಡು ಗಂಟೆ, ಆಮೇಲೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತ ಆರಕ್ಕೆ ನಿಲ್ಲಿಸಿ. ತೆಗೆಯುವುದನ್ನೂ ಹತ್ತು ಸಲವಾದರೂ ಅಭ್ಯಾಸ ಮಾಡಿ, ಏಕೆಂದರೆ ಗಾಬರಿಯಲ್ಲಿ ಬೇಕಾಗುವುದು ಅದೇ.

ಮೇಕಪ್ ಮತ್ತು ಲೆನ್ಸ್

ಹೇರ್‌ಸ್ಪ್ರೇ, ದ್ರವ ಲೇಟೆಕ್ಸ್ (ರಬ್ಬರ್ ಹಾಲು), ಸ್ಪಿರಿಟ್ ಗಮ್ (ಮೈಗೆ ಅಂಟಿಸುವ ಗೋಂದು) ಎಲ್ಲ ಮೊದಲು. ಲೇಟೆಕ್ಸ್‌ನ ಅಮೋನಿಯಾ ಆವಿಯನ್ನು ಮೆತ್ತನೆ ಲೆನ್ಸ್ ಹೀರಿಕೊಳ್ಳುತ್ತದೆ. ಅವು ಒಣಗಿದ ಮೇಲೆ ಕೈ ತೊಳೆದು ಲೆನ್ಸ್. ಅದಾದ ಮೇಲೆ ಫೌಂಡೇಷನ್, ಕಣ್ಣಿನ ಮೇಕಪ್. ಪುಡಿ ಐಶ್ಯಾಡೊ ಬದಲು ಕ್ರೀಮ್, ಮಿನುಗುಪುಡಿ ಬೇಡ. ಕಾಡಿಗೆಯನ್ನು ರೆಪ್ಪೆಯ ಒಳಗೆರೆಗೆ ಹಚ್ಚುವ ನಮ್ಮ ರೂಢಿ ಲೆನ್ಸ್ ದಿನ ಬಿಡಬೇಕು. ಕಣ್ಣೀರಿಗೆ ಎಣ್ಣೆ ಕೊಡುವ ಗ್ರಂಥಿಗಳ ಬಾಯಿ ಅಲ್ಲೇ ಇದೆ, ಹಚ್ಚಿದ್ದೆಲ್ಲ ಲೆನ್ಸ್ ಮೇಲೆ ಬಂದು ಕೂರುತ್ತದೆ. ಕೂದಲಿನ ಹೊರಬದಿಗೆ ಎಳೆದರೆ ಸಾಕು. ಸಂಜೆ ಮೊದಲು ಲೆನ್ಸ್ ತೆಗೆದು, ಆಮೇಲೆ ಮೇಕಪ್ ಒರೆಸಿ.

ಲೆನ್ಸ್ ಹಾಕಿದವರು ಮುರಿದ ರಕ್ಷಾಕವಚಕ್ಕೆ ಫೆವಿಕ್ವಿಕ್ ಹಚ್ಚುತ್ತ ಕೂರಬಾರದು, ಸ್ಪ್ರೇ ಪೇಂಟ್ ಹೊಡೆಯುವವರ ಬಳಿ ನಿಲ್ಲಬಾರದು. ತಿಂಡಿ ವಿಚಾರವೂ ಅಷ್ಟೇ ಗಂಭೀರ. ಮೆಣಸಿನಕಾಯಿ ಬಜ್ಜಿ ಮುರಿದ ಬೆರಳಿನಲ್ಲಿ ಖಾರ ಎಣ್ಣೆಯ ಜೊತೆ ಅಂಟಿರುತ್ತದೆ, ಬರೀ ನೀರಿಗೆ ಹೋಗುವುದಿಲ್ಲ, ಒಂದು ಸಲದ ಸೋಪಿಗೂ ಪೂರ್ತಿ ಹೋಗದು. ಅದೇ ಬೆರಳಿನಿಂದ ಲೆನ್ಸ್ ಸರಿಪಡಿಸಲು ಹೋದರೆ ಲೆನ್ಸ್ ಆ ಖಾರವನ್ನು ಕಾರ್ನಿಯಾಕ್ಕೆ ಒತ್ತಿ ಹಿಡಿದಿಟ್ಟುಕೊಳ್ಳುತ್ತದೆ. ಚಮಚದಲ್ಲಿ ತಿನ್ನಿ. ಖಾರ ತಾಗಿದ ಲೆನ್ಸ್ ತೊಳೆದರೆ ಸರಿಹೋಗುವುದಿಲ್ಲ, ಎಸೆಯಬೇಕು.

ಚೀಲದಲ್ಲಿ ಇರಬೇಕಾದ್ದು: ಸೀಲ್ ಒಡೆಯದ ಸಣ್ಣ ಸೊಲ್ಯೂಷನ್ ಬಾಟಲಿ, ಖಾಲಿ ಡಬ್ಬಿ, ಕನ್ನಡಿ, ಸಣ್ಣ ಸೋಪು, ಟಿಶ್ಯೂ, ನಿಮ್ಮ ಕನ್ನಡಕ, ಲೆನ್ಸ್ ಮೇಲೆಯೇ ಹಾಕಬಹುದು ಎಂದು ಬರೆದಿರುವ, ಒಣಗಿದ ಲೆನ್ಸನ್ನು ಒದ್ದೆ ಮಾಡುವ ರೀವೆಟಿಂಗ್ ಡ್ರಾಪ್ಸ್. ಕೆಂಪು ಕಳೆಯುವ ಡ್ರಾಪ್ಸ್ ಬೇಡ. ಅದು ಅಪಾಯದ ಗುರುತನ್ನೇ ಮರೆಮಾಡುತ್ತದೆ. ಗೆಳೆಯರ ನಡುವೆ ಲೆನ್ಸ್ ಬದಲಾಯಿಸಿಕೊಳ್ಳುವುದು, "ಐದೇ ನಿಮಿಷ, ಒಂದು ಫೋಟೊ" ಎಂದು ಕೊಡುವುದು ಇಲ್ಲವೇ ಇಲ್ಲ. ಎಷ್ಟೇ ಆಪ್ತರಾದರೂ ಇಲ್ಲ ಎನ್ನಿ.

ತೆಗೆಯುವುದು, ಎತ್ತಿಡುವುದು

ಕೈ ತೊಳೆದು, ಒಣಗಿಸಿ, ಎರಡು ಹನಿ ರೀವೆಟಿಂಗ್ ಡ್ರಾಪ್ಸ್ ಹಾಕಿ ಒಂದು ನಿಮಿಷ ಕಾಯಿರಿ. ಮೇಲೆ ನೋಡುತ್ತ ಲೆನ್ಸನ್ನು ತೋರುಬೆರಳಿನಿಂದ ಕೆಳಗೆ ಬಿಳಿಗುಡ್ಡೆಗೆ ಸರಿಸಿ, ಅಲ್ಲಿ ಬೆರಳಿನ ಮೆತ್ತನೆ ಭಾಗದಿಂದ ಹಿಸುಕಿ ಎತ್ತಿ. ಸರಿಯದಿದ್ದರೆ ಒಣಗಿ ಅಂಟಿದೆ ಎಂದರ್ಥ. ಆಗ ಎಳೆದರೆ ಕಾರ್ನಿಯಾದ ಮೇಲ್ಪದರವೂ ಜೊತೆಗೆ ಕಿತ್ತು ಬರುತ್ತದೆ. ಇನ್ನಷ್ಟು ಹನಿ ಹಾಕಿ, ಐದು ಹತ್ತು ನಿಮಿಷ ಕಣ್ಣು ಮುಚ್ಚಿ, ಮತ್ತೆ ಪ್ರಯತ್ನಿಸಿ. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗುವುದು ಸಾಧ್ಯವಿಲ್ಲ, ಅಲ್ಲಿ ಪೊರೆ ಮುಚ್ಚಿದೆ. ಮೇಲ್ರೆಪ್ಪೆಯಡಿ ಮಡಚಿ ಕೂತಿರಬಹುದು. ಹರಿದು ಬಂದರೆ ತುಂಡುಗಳನ್ನು ಜೋಡಿಸಿ ಪೂರ್ತಿ ಇದೆಯೇ ನೋಡಿ.

ಅಂಗೈಯಲ್ಲಿಟ್ಟು ಸೊಲ್ಯೂಷನ್ ಬಿಟ್ಟು ಪ್ರತಿ ಬದಿ 20 ಸೆಕೆಂಡು ಉಜ್ಜಿ, ತೊಳೆದು, ಹೊಸ ಸೊಲ್ಯೂಷನ್‌ನಲ್ಲಿ ಕನಿಷ್ಠ 6 ಗಂಟೆ ಇಡಿ. ಹಳೆಯದರ ಮೇಲೆ ಹೊಸದು ಸುರಿಯಬೇಡಿ. ಡಬ್ಬಿಯನ್ನೂ ಸೊಲ್ಯೂಷನ್‌ನಿಂದಲೇ ತೊಳೆದು ಟಿಶ್ಯೂ ಮೇಲೆ ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಹೊಸದು. ಬಾಟಲಿ ತೆರೆದ ದಿನಾಂಕ ಅದರ ಮೇಲೆಯೇ ಬರೆದಿಡಿ, ಸಾಮಾನ್ಯವಾಗಿ 90 ದಿನಕ್ಕೆ ಎಸೆಯಬೇಕು. ಲೆನ್ಸ್ ಹಾಕಿಕೊಂಡು ಮಲಗುವುದು, ರೈಲಿನಲ್ಲಿ ಹತ್ತು ನಿಮಿಷದ ತೂಕಡಿಕೆ ಕೂಡ, ಬೇಡ.

ಕಣ್ಣು ಕೆಂಪಾದರೆ

ಕೆಂಪು, ನೋವು, ಮಂಜು, ಬೆಳಕು ನೋಡಲಾಗದಿರುವುದು, ಗೀಜು. ಯಾವುದು ಕಂಡರೂ ಆ ಕ್ಷಣವೇ ಲೆನ್ಸ್ ತೆಗೆಯಿರಿ, ವೇದಿಕೆ ಹತ್ತುವ ಸರದಿ ನಿಮ್ಮದೇ ಆಗಿದ್ದರೂ. ತೆಗೆದ ಮೇಲೆ ಅರ್ಧ ಗಂಟೆಯಲ್ಲಿ ಆರಾಮ ಎನಿಸದೆ ನೋವು ಹೆಚ್ಚುತ್ತಲೇ ಇದ್ದರೆ, ಅಥವಾ ಕಾರ್ನಿಯಾದ ಮೇಲೆ ಬಿಳಿ ಚುಕ್ಕೆ ಕಂಡರೆ, ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಬಲ್ಲದು. "ನಾಳೆ ನೋಡೋಣ" ಎನ್ನುವಷ್ಟು ಸಮಯ ಅದು ಕೊಡುವುದಿಲ್ಲ. ಬೆಂಗಳೂರಿನಲ್ಲಿ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ, ಬೇರೆ ಊರುಗಳಲ್ಲಿ ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಕಣ್ಣಿನ ವಿಭಾಗ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಸೋಂಕು, ಅದರಲ್ಲೂ ಶಿಲೀಂಧ್ರದ್ದು, ಬೆಳೆಯುತ್ತಲೇ ಇರುತ್ತದೆ. ರೋಸ್‌ವಾಟರ್, ಜೇನು, ಎದೆಹಾಲು ಬೇಡ. ಕಣ್ಣಿಗೆ ಪಟ್ಟಿ ಕಟ್ಟುವುದೂ ಬೇಡ. ಬೆಚ್ಚಗಿನ ಕತ್ತಲಲ್ಲಿ ರೋಗಾಣು ಇನ್ನೂ ಬೇಗ ಹರಡುತ್ತದೆ.

ತೆಗೆದ ಲೆನ್ಸನ್ನು ಎಸೆಯದೆ ಡಬ್ಬಿಯಲ್ಲೇ ಇಟ್ಟು, ಡಬ್ಬಿ, ಸೊಲ್ಯೂಷನ್ ಬಾಟಲಿ, ಲೆನ್ಸ್‌ನ ಪೆಟ್ಟಿಗೆ ಎಲ್ಲವನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ರೋಗಾಣು ಎಂದು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ಅವು ಬೇಕಾಗುತ್ತವೆ. ಚೀಟಿ ಬರೆಸುವ ಕೌಂಟರಿನಲ್ಲೇ "ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದೆ, ಇಷ್ಟು ಗಂಟೆಯಿಂದ ನೋವು" ಎಂದು ಹೇಳಿ.